ಎದುರುಗಾಳಿಯಲ್ಲಿ ಗೆಳೆಯರ ಸಾಲು

ನಿಡಗುಂದಿ ಸೀಮೆಯಲ್ಲಿ ಹೇಳಿಕೊಳ್ಳುವಂಥ ಘಾಟಿ ಇಲ್ಲ. ಎರೆಹೊಲಗಳ ನಡುವೆ ರಸ್ತೆ ನಿಧಾನಕ್ಕೆ ಏರಿ, ನಿಧಾನಕ್ಕೆ ಇಳಿದು ಕೃಷ್ಣೆಯ ಕಡೆ ಸಾಗುತ್ತದೆ. ಕಾರಿನಲ್ಲಿ ಕೂತವರಿಗೆ ಆ ಏರಿಳಿತ ಗೊತ್ತೂ ಆಗುವುದಿಲ್ಲ. ಆದರೆ ಸೈಕಲ್ ಏರಿ ನೂರು ಕಿಲೋಮೀಟರಿಗೆ ಹೊರಟವರಿಗೆ ಘಾಟಿಗಿಂತ ದೊಡ್ಡದೊಂದು ಏರು ಇಲ್ಲಿ ಕಾದಿರುತ್ತದೆ. ಅದು ಗಾಳಿ. ಮಿರಗದ ಮಳೆ ಕಾಲಿಡುವ ಹೊತ್ತಿಗೆ ಪಡುವಣದಿಂದ ಏಳುವ ಗಾಳಿ ಶ್ರಾವಣ ದಾಟುವವರೆಗೂ ಈ ಬಯಲನ್ನು ಬಿಡುವುದಿಲ್ಲ. ಅದನ್ನು ತಡೆಯಲು ಎತ್ತರದ ಗುಡ್ಡವಿಲ್ಲ, ದಟ್ಟ ಕಾಡಿಲ್ಲ. ಆಲಮಟ್ಟಿಯ ಹಿನ್ನೀರಿನ ಮೇಲೆ ಸಲೀಸಾಗಿ ಬೀಸಿ ಬಂದದ್ದು ಸವಾರನ ಎದೆಗೇ ಬಂದು ಬಡಿಯುತ್ತದೆ.

ಒಬ್ಬರೇ ಇದ್ದರೆ ಈ ಗಾಳಿ ಅರ್ಧ ದಾರಿಯಲ್ಲೇ ಮನಸ್ಸು ಮುರಿಯುತ್ತದೆ. ನಾಲ್ಕು ಜನ ಇದ್ದರೆ ಅದೇ ಗಾಳಿ ಅವರನ್ನು ಒಂದು ಸಾಲಿಗೆ ತರುತ್ತದೆ. ಮುಂದಿನವನ ಬೆನ್ನು ಹಿಂದಿನವನಿಗೆ ಮರೆಯಾಗುತ್ತದೆ. ಸ್ವಲ್ಪ ಹೊತ್ತಿಗೆ ಹಿಂದಿನವನು ಮುಂದೆ ಬಂದು ಆ ಸಾಲ ತೀರಿಸುತ್ತಾನೆ. ವಿಜಯಪುರ ಜಿಲ್ಲೆಯ ಈ ದಕ್ಷಿಣದ ಅಂಚಿನಲ್ಲಿ ದೂರದ ಸೈಕಲ್ ಸವಾರಿಯನ್ನು ಹವ್ಯಾಸ ಮಾಡಿಕೊಂಡವರು ಮೊದಲು ಕಲಿಯುವ ಪಾಠ ಇದು. ಇಲ್ಲಿನ ಹವಾಮಾನವೇ ಗೆಳೆತನವನ್ನು ಕಡ್ಡಾಯ ಮಾಡಿಬಿಟ್ಟಿದೆ. ಕಾಲಿನ ಕಸುವು ಆಮೇಲಿನ ಮಾತು.

ರೇಸಿನ ಸೀಮೆಯಲ್ಲಿ ಸವಾರಿಯ ಹುಚ್ಚು

ಸೈಕಲ್ ಈ ಭಾಗಕ್ಕೆ ಹೊಸದಲ್ಲ. ದೇಶದ ಸೈಕ್ಲಿಂಗ್‌ನಲ್ಲಿ ಕರ್ನಾಟಕದ ಹೆಸರು ಉಳಿದಿರುವುದೇ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ ಜಿಲ್ಲೆಗಳ ಹಳ್ಳಿಯ ಹುಡುಗ ಹುಡುಗಿಯರಿಂದ. ವಿಜಯಪುರದ ಕ್ರೀಡಾ ವಸತಿ ನಿಲಯ, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆಗಳಲ್ಲಿ ಪಳಗಿದವರು ರಾಜ್ಯ ತಂಡದ ಅಂಗಿ ತೊಟ್ಟು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ವಿಜಯಪುರದಲ್ಲೇ ನಡೆಯಿತು. ಒಣಬೇಸಾಯದ ಮನೆಯ ಮಗನೊಬ್ಬ ಬೆಳಗಿನ ಜಾವ ಹೆದ್ದಾರಿಯಲ್ಲಿ ಬಾಗಿ ಕೂತು ತುಳಿಯುತ್ತಿರುವುದು ಇಲ್ಲಿನವರಿಗೆ ದಿನನಿತ್ಯದ ನೋಟ.

ಜಾತ್ರೆಗಳನ್ನು ನೋಡಿ. ಕುಸ್ತಿ, ಟಗರಿನ ಕಾಳಗ, ತೆರೆಬಂಡಿ ಓಟದ ಸಾಲಿನಲ್ಲೇ ಸೈಕಲ್ ಸ್ಪರ್ಧೆಯೂ ಇರುತ್ತದೆ. ಕರಪತ್ರದಲ್ಲಿ ಮೊದಲ ಬಹುಮಾನ, ಎರಡನೇ ಬಹುಮಾನ, ಕೊಟ್ಟ ದಾನಿಗಳ ಹೆಸರು ಎಲ್ಲ ಅಚ್ಚಾಗಿರುತ್ತವೆ. ಹಿಂದಿನ ತಲೆಮಾರಿನವರಿಗೆ ಇನ್ನೊಂದು ನೆನಪುಂಟು. ಹೊರಗಿನಿಂದ ಬಂದ ಸವಾರನೊಬ್ಬ ಊರ ಮುಂದಿನ ಬಯಲಲ್ಲಿ ಗಳ ನೆಟ್ಟು, ದೀಪದ ಸರ ಕಟ್ಟಿ, ಹಗಲು ರಾತ್ರಿ ಕೆಳಗಿಳಿಯದೆ ಸೈಕಲ್ ಸುತ್ತುತ್ತಿದ್ದ. ಊಟ, ಸ್ನಾನ ಎಲ್ಲ ಸೀಟಿನ ಮೇಲೆಯೇ. ದಿನಗಟ್ಟಲೆ ನಡೆಯುತ್ತಿದ್ದ ಆ ಆಟ ನೋಡಲು ಹಳ್ಳಿಗೆ ಹಳ್ಳಿಯೇ ನೆರೆಯುತ್ತಿತ್ತು. ತಾಸಿನ ಲೆಕ್ಕಕ್ಕೆ ಬಾಡಿಗೆ ಸೈಕಲ್ ತಂದು ಒಳಗಾಲು ಹಾಕಿ ಕಲಿತವರು ಆ ಸವಾರನ ಸುತ್ತ ನಿಂತ ಮಕ್ಕಳೇ. ಆಮೇಲೆ 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ, ಹೈಸ್ಕೂಲು ದೂರವಿದ್ದ ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ತುಳಿಯುತ್ತ ಹೋಗುವ ದೃಶ್ಯ ಈ ರಸ್ತೆಗಳಲ್ಲಿ ಕಾಣಿಸಿತು.

ಈಗ ಬಂದಿರುವುದು ಮೂರನೆಯ ಬಗೆ. ಪದಕಕ್ಕೂ ಅಲ್ಲ, ಹೊಟ್ಟೆಪಾಡಿಗೂ ಅಲ್ಲ, ಬರೀ ಸಂತೋಷಕ್ಕೆ ದೂರ ಹೋಗುವವರು. ಮೇಷ್ಟ್ರು, ಡಾಕ್ಟರು, ಬ್ಯಾಂಕಿನವರು, ಕಿರಾಣಿ ಅಂಗಡಿಯವರು, ಕಾಲೇಜು ಹುಡುಗರು. ವಿಜಯಪುರದಿಂದ ನಿಡಗುಂದಿಗೆ ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ಸುಮಾರು 60 ಕಿ.ಮೀ. ಅಲ್ಲಿಂದ ಆಲಮಟ್ಟಿ ಕೂಗಳತೆಯ ದೂರ. ಹೋಗಿ ಬಂದರೆ ಭಾನುವಾರಕ್ಕೆ ಒಂದು ತುಂಬು ಸವಾರಿ. ಇನ್ನೂ ಉಮೇದಿರುವವರು ಕೃಷ್ಣೆಯನ್ನು ದಾಟಿ, ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮದವರೆಗೆ ಹೋಗುತ್ತಾರೆ. ನಮ್ಮ ಗುಂಪಿನಲ್ಲಿ ಅರವತ್ತು ದಾಟಿದವರೂ ಇದ್ದಾರೆ, ಇಪ್ಪತ್ತು ತುಂಬದವರೂ ಇದ್ದಾರೆ. ಗೇರಿನ ಸೈಕಲ್ಲೂ ಉಂಟು, ಹಾಲಿನ ಕ್ಯಾನು ಕಟ್ಟುವ ಕ್ಯಾರಿಯರ್ ಹಾಗೇ ಉಳಿಸಿಕೊಂಡ ಹಳೆಯ ಅಟ್ಲಾಸೂ ಉಂಟು.

ಮೂರು ಊರು, ಮೂರು ಗಾಳಿ

ನಕ್ಷೆಯಲ್ಲಿ ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೇರಿ ಒಂದು ತ್ರಿಕೋನ. ನಿಡಗುಂದಿಯಿಂದ ಉತ್ತರಕ್ಕೆ ಬಾಗೇವಾಡಿ, ಅಲ್ಲಿಂದ ಆಗ್ನೇಯಕ್ಕೆ ಮುದ್ದೇಬಿಹಾಳ, ಅಲ್ಲಿಂದ ಪಶ್ಚಿಮಕ್ಕೆ ಮತ್ತೆ ನಿಡಗುಂದಿ. ಒಟ್ಟು ನೂರು ಕಿಲೋಮೀಟರಿನ ಆಸುಪಾಸು. ಗಾಳಿಯ ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ಹಾದಿ ನಾನು ಕಂಡಿಲ್ಲ.

ಆಷಾಢದ ಒಂದು ಬೆಳಿಗ್ಗೆ ಇದರ ಮೇಲೆ ಹೊರಟರೆ ಮೊದಲ ಹಂತದಲ್ಲಿ ಗಾಳಿ ಎಡ ಮಗ್ಗುಲಿಗೆ ಬಡಿಯುತ್ತದೆ. ಹ್ಯಾಂಡಲ್ ಬಲಕ್ಕೆ ಜಗ್ಗಿದಂತಾಗುತ್ತದೆ. ಲಾರಿಯೊಂದು ಪಕ್ಕದಲ್ಲಿ ದಾಟುವಾಗ ಗಾಳಿ ಒಂದು ಕ್ಷಣ ನಿಂತು ಮತ್ತೆ ಬಂದು ಹೊಡೆಯುವುದರಿಂದ ಅಲ್ಲಿ ಕೈ ಬಿಗಿಯಾಗಿರಬೇಕು. ಬಾಗೇವಾಡಿಯಲ್ಲಿ ಚಹಾ ಕುಡಿದು ಮುದ್ದೇಬಿಹಾಳದ ದಾರಿ ಹಿಡಿದರೆ ಗಾಳಿ ಬೆನ್ನಿಗೆ ಬೀಳುತ್ತದೆ. ಆಗ ಎಲ್ಲರೂ ಶೂರರೇ. ಗುಂಪು ಚೆದುರುತ್ತದೆ, ಹುಡುಗರು ಮುಂದೆ ಓಡುತ್ತಾರೆ, ಮಾತು ಜೋರಾಗುತ್ತದೆ. ಮುದ್ದೇಬಿಹಾಳ ಬಿಟ್ಟು ಪಶ್ಚಿಮಕ್ಕೆ ತಿರುಗಿದ ಮೇಲೆ ಮಾತು ನಿಲ್ಲುತ್ತದೆ. ಇಷ್ಟು ಹೊತ್ತು ಬೆನ್ನು ತಟ್ಟಿದ್ದ ಗಾಳಿ ಈಗ ಮುಖಾಮುಖಿ.

ಇದರ ಹಿಂದಿನ ಲೆಕ್ಕ ಸರಳ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ತಾಸಿಗೆ 20 ಕಿ.ಮೀ. ವೇಗದಲ್ಲಿ ನೀವು ತುಳಿಯುತ್ತಿದ್ದೀರಿ, ಅಷ್ಟೇ ವೇಗದ ಗಾಳಿ ಎದುರಿಂದ ಬಂತು ಎನ್ನಿ. ಮೈಗೆ ತಾಗುವುದು 40 ಕಿ.ಮೀ. ಗಾಳಿ, ಅದರ ತಡೆ ಮೊದಲಿನ ನಾಲ್ಕು ಪಟ್ಟು. ಎರಡು ಪಟ್ಟು ಹೆಚ್ಚು ತುಳಿದರೆ ಸರಿಹೋಯಿತು ಎಂದುಕೊಂಡವನು ಹತ್ತು ಕಿಲೋಮೀಟರಿನಲ್ಲಿ ಸೋತು ಕೂರುತ್ತಾನೆ. ಮುಂದಿನ ಸೈಕಲ್ಲಿನ ಹಿಂಬದಿಗೆ ಅಂಟಿಕೊಂಡು ತುಳಿದವನಿಗೆ ಮಾತ್ರ ಶ್ರಮದಲ್ಲಿ ಸುಮಾರು ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದವರೆಗೆ ಉಳಿತಾಯ.

ಸಾಲು ಕಟ್ಟುವುದಕ್ಕೂ ಒಂದು ರೀತಿ ಇದೆ. ನಿಮ್ಮ ಮುಂಗಾಲಿಗೂ ಮುಂದಿನವನ ಹಿಂಗಾಲಿಗೂ ನಡುವೆ ಒಂದು ಮೊಳದಿಂದ ಒಂದು ಮಾರಿನಷ್ಟು ಅಂತರ. ಕಣ್ಣು ಅವನ ಟಯರಿನ ಮೇಲಲ್ಲ, ಅವನ ಹೆಗಲ ಆಚೆಯ ರಸ್ತೆಯ ಮೇಲೆ. ಮುಂದಿನವನು ಗುಂಡಿ ಕಂಡರೆ ಬೆರಳು ತೋರಿಸುತ್ತಾನೆ. ಉಸುಕು ಬಿದ್ದಿದ್ದರೆ ಅಂಗೈ ಆಡಿಸುತ್ತಾನೆ. ದನ ಅಡ್ಡ ಬಂದರೆ ಕೂಗುತ್ತಾನೆ. ಅವನ ಸರದಿ ಮುಗಿದಾಗ ಮೊಣಕೈ ಅಲುಗಿಸಿ ಪಕ್ಕಕ್ಕೆ ಸರಿಯುತ್ತಾನೆ, ತುಳಿತ ಸಡಿಲಿಸಿ ಸಾಲಿನ ಕೊನೆಗೆ ಬಂದು ಸೇರುತ್ತಾನೆ. ಎರಡನೆಯವನು ಈಗ ಮೊದಲನೆಯವನು. ಇಲ್ಲಿ ಒಂದು ಕಟ್ಟುನಿಟ್ಟು: ಹೊಸದಾಗಿ ಮುಂದೆ ಬಂದವನು ವೇಗ ಏರಿಸಕೂಡದು. ಏರಿಸಿದರೆ ಆಗಷ್ಟೇ ದಣಿದು ಹಿಂದೆ ಹೋದವನು ಸಾಲು ಹಿಡಿಯಲಾಗದೆ ಕಳಚಿಕೊಳ್ಳುತ್ತಾನೆ. ಬಲವಿದ್ದವನು ಹೆಚ್ಚು ಹೊತ್ತು ಮುಂದೆ ಇರಬಹುದು, ಹೆಚ್ಚು ಜೋರಾಗಿ ಹೋಗುವಂತಿಲ್ಲ. ನಮ್ಮ ಗುಂಪಿನ ಹಿರಿಯ ಮೇಷ್ಟ್ರು ಹೊಸಬರಿಗೆ ಇಷ್ಟೇ ಹೇಳುತ್ತಾರೆ: "ಶಕ್ತಿ ಐತಿ ಅಂದ್ರ ಇನ್ನೆರಡ ನಿಮಿಷ ಮುಂದ ಇರು. ಓಡಬ್ಯಾಡ."

ಗಾಳಿಯ ದಿಕ್ಕು ನೋಡಲು ನಮಗೆ ಮೊಬೈಲು ಬೇಕಿಲ್ಲ. ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಬಯಲಿನಲ್ಲಿ ಬಲು ದೂರಕ್ಕೆ ಕಾಣುತ್ತದೆ. ಹೊಗೆ ಎತ್ತ ಬಾಗಿದೆ, ಎಷ್ಟು ಬಾಗಿದೆ ಎಂದು ನೋಡಿಕೊಂಡರೆ ಯಾವ ಊರನ್ನು ಮೊದಲು ಮುಟ್ಟಬೇಕೆಂಬುದು ಹೊರಡುವ ಮೊದಲೇ ತೀರ್ಮಾನವಾಗುತ್ತದೆ. ಸಾಧ್ಯವಾದಷ್ಟು ಎದುರುಗಾಳಿಯ ದಾರಿಯನ್ನು ಬೆಳಿಗ್ಗೆ ಮುಗಿಸಿಕೊಳ್ಳುವುದು ಜಾಣತನ. ಮಧ್ಯಾಹ್ನಕ್ಕೆ ನೆಲ ಕಾದಷ್ಟೂ ಗಾಳಿ ಬಲಿಯುತ್ತದೆ.

ಸವಾರರಿಗೆ ಮಳೆಯ ಪಂಚಾಂಗ

ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಸೈಕಲ್ ಸವಾರರಿಗೂ ಅದೇ ಪಂಚಾಂಗ ಸಾಕು. ಜಿಲ್ಲೆಗೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನದು. ಮಳೆ ಕಡಿಮೆ ಎಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇಲ್ಲಿ ಅದು ಸೂಚನೆ ಕೊಡದೆ ಬರುತ್ತದೆ.

ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಎಲ್ಲಕ್ಕಿಂತ ಅಪಾಯದ್ದು. ಬೆಳಿಗ್ಗೆ ನಿಷ್ಕಳಂಕ ಆಕಾಶ, ಮಧ್ಯಾಹ್ನ 40 ಡಿಗ್ರಿ ದಾಟಿದ ಬಿಸಿಲು, ಮೂರು ಗಂಟೆಗೆ ಮೂಲೆಯಲ್ಲೊಂದು ಕಪ್ಪು ಮೋಡ. ಮೊದಲು ಧೂಳಿನ ಗಾಳಿ, ಆಮೇಲೆ ಸಿಡಿಲು, ಕೆಲವೊಮ್ಮೆ ದ್ರಾಕ್ಷಿ ತೋಟಗಳನ್ನು ನೆಲಕ್ಕೆ ಹಾಸುವ ಆಲಿಕಲ್ಲು. ಬಯಲಲ್ಲಿ ಸೈಕಲ್ ಮೇಲೆ ಕೂತವನೇ ಎಲ್ಲಕ್ಕಿಂತ ಎತ್ತರ. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಆಗ ಒಂಟಿ ಬೇವಿನ ಮರದ ಕೆಳಗೆ ನಿಲ್ಲುವುದು ಪ್ರಾಣಕ್ಕೆ ಎರವು. ಪಕ್ಕಾ ಮನೆ, ಗುಡಿ, ಶಾಲೆ, ಇಲ್ಲವೇ ಬಾಗಿಲು ಮುಚ್ಚಿದ ಕಾರು, ಇವೇ ಆಸರೆ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಕಾಯುವುದು ನಮ್ಮ ಗುಂಪಿನಲ್ಲಿ ಚರ್ಚೆಯಿಲ್ಲದ ನಿಯಮ.

ಇನ್ನೊಂದು ಅಪಾಯವನ್ನು ಹೊಸಬರು ಊಹಿಸುವುದೇ ಇಲ್ಲ. ಅದು ಚಳಿ. ಬೆವರಿನಲ್ಲಿ ತೊಯ್ದ ಮೈ, ಮೇಲೆ ತಣ್ಣನೆಯ ಮಳೆ, ಅದರ ಮೇಲೆ ಗಾಳಿ. ಬಿಸಿಲಲ್ಲಿ ಬೇಯುತ್ತಿದ್ದವನ ಹಲ್ಲು ಕಾಲು ಗಂಟೆಯಲ್ಲಿ ಕಟಕಟ ಎನ್ನುತ್ತವೆ. ಇದಕ್ಕೆ ಯುರೋಪಿನ ಸವಾರರು ನೂರು ವರ್ಷದಿಂದ ಬಳಸುತ್ತಿರುವ ಮದ್ದು ನಮ್ಮ ಪ್ರತಿ ಚಹಾ ಅಂಗಡಿಯಲ್ಲೂ ಸಿಗುತ್ತದೆ: ಹಳೆಯ ಪೇಪರು. ನಾಲ್ಕು ಹಾಳೆ ಮಡಚಿ ಅಂಗಿಯೊಳಗೆ ಎದೆಗೆ ಇಟ್ಟುಕೊಂಡರೆ ಗಾಳಿ ಒಳಗೆ ಬರುವುದಿಲ್ಲ. ದುಬಾರಿ ಜಾಕೆಟ್ ಇಲ್ಲದವರೂ ಹೀಗೆ ಮನೆ ಮುಟ್ಟಬಹುದು.

ಮಿರಗ ಮತ್ತು ಆರಿದ್ರದ ಮಳೆಗೆ, ಅಂದರೆ ಜೂನಿನಲ್ಲಿ, ಎಚ್ಚರ ಬೇಕಾದದ್ದು ರಸ್ತೆಯ ಮೇಲೆ. ತಿಂಗಳುಗಟ್ಟಲೆ ಕೂತ ಧೂಳು, ಲಾರಿಗಳ ಎಣ್ಣೆ ಮೊದಲ ಹನಿಗಳಿಗೆ ಕಲೆತು ಡಾಂಬರು ಜಾರುತ್ತದೆ. ಬಿಳಿ ಪಟ್ಟಿಯ ಬಣ್ಣ ಇನ್ನೂ ಹೆಚ್ಚು ಜಾರುತ್ತದೆ. ರಿಮ್ಮಿಗೆ ರಬ್ಬರು ಒತ್ತುವ ಹಳೆಯ ಬ್ರೇಕು ಒದ್ದೆಯಾದಾಗ ಹಿಡಿಯುವುದು ತಡ. ಸ್ವಲ್ಪ ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಂಡು ಆಮೇಲೆ ಬಲವಾಗಿ ಹಿಡಿಯಬೇಕು. ಸಾಲಿನ ಅಂತರವನ್ನು ಮಳೆಯಲ್ಲಿ ಮೂರು ಪಟ್ಟು ಮಾಡಬೇಕು. ಗಾಳಿಯ ಮರೆ ಕಡಿಮೆಯಾಗುತ್ತದೆ, ಆಗಲಿ.

ಇನ್ನು ಎರೆಮಣ್ಣು. ನಿಡಗುಂದಿಯಿಂದ ಹಳ್ಳಿ ಹಳ್ಳಿ ಮೇಲೆ ಹಾದು ಬರುವ ಆಸೆಗೆ ಡಾಂಬರು ಬಿಟ್ಟು ಹೊಲದ ದಾರಿ ಹಿಡಿದವರಿಗೆ ಅದರ ಪರಿಚಯ ಚೆನ್ನಾಗಿ ಆಗುತ್ತದೆ. ಮಳೆ ನಿಂತು ಬಿಸಿಲು ಬಿದ್ದಿದೆ, ದಾರಿ ಮೇಲ್ನೋಟಕ್ಕೆ ಆರಿದೆ. ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಟಯರಿನ ಮೇಲೆ ಒಂದು ಪದರ. ಅದರ ಮೇಲೆ ಕಂಕಿ, ಹುಲ್ಲು, ಸಣ್ಣ ಕಲ್ಲು ಅಂಟಿ ಇನ್ನೊಂದು ಪದರ. ಗಾಲಿ ದಪ್ಪಗಾಗುತ್ತ ಮಡ್‌ಗಾರ್ಡಿಗೆ ತಾಗುತ್ತದೆ, ಬ್ರೇಕಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ, ಕೊನೆಗೆ ತಿರುಗುವುದೇ ನಿಲ್ಲುತ್ತದೆ. ತಳ್ಳಿದರೆ ಜಾರುತ್ತದೆಯೇ ಹೊರತು ಉರುಳುವುದಿಲ್ಲ. ಹೆಗಲ ಮೇಲೆ ಹೊತ್ತರೆ ಸೈಕಲ್ಲಿನ ತೂಕ ಇಮ್ಮಡಿ. ಆಗ ಜೋಳದ ದಂಟೊಂದನ್ನು ಮುರಿದು, ಸಂದಿಗೆ ತೂರಿಸಿ, ಗಾಲಿಯನ್ನು ಹಿಂದಕ್ಕೆ ತಿರುಗಿಸುತ್ತ ಕೆರೆಯಬೇಕು. ಒಬ್ಬ ಸೈಕಲ್ ಎತ್ತಿ ಹಿಡಿಯಬೇಕು, ಇನ್ನೊಬ್ಬ ಕೆರೆಯಬೇಕು. ಒಬ್ಬರ ಕೈಲಾಗುವ ಕೆಲಸವಲ್ಲ. ಇದೇ ಮಣ್ಣು ಹಿಂಗಾರಿನ ಜೋಳಕ್ಕೆ ತಿಂಗಳುಗಟ್ಟಲೆ ಪಸೆ ಹಿಡಿದಿಟ್ಟು ಅನ್ನ ಕೊಡುತ್ತದೆ. ಮಣ್ಣು ಕೆರೆಯುವ ಹೊತ್ತಿನಲ್ಲಿ ಅದರ ಹಿಡಿತದ ಬಲ ಎಂಥದ್ದೆಂದು ಬೆರಳುಗಳಿಗೇ ತಿಳಿಯುತ್ತದೆ.

ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯ ಕಾಲ ಆಗಸ್ಟ್‌ನ ಕೊನೆ. ಆ ಹೊತ್ತಿಗೆ ಕೃಷ್ಣೆ ತುಂಬಿರುತ್ತಾಳೆ. ವಿಚಿತ್ರವೆಂದರೆ ನಿಡಗುಂದಿಯಲ್ಲಿ ಒಂದು ಹನಿ ಬೀಳದ ದಿನವೂ ಹೊಳೆಗೆ ಮಹಾಪೂರ ಬರಬಹುದು; ಮಹಾಬಳೇಶ್ವರದ, ಕೊಯ್ನಾ ಕಣಿವೆಯ ಮಳೆ ಇಲ್ಲಿಗೆ ಹರಿದು ಬರುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ, 123 ಟಿಎಂಸಿ ಅಡಿ ನೀರು ಹಿಡಿಯುವ ಆಲಮಟ್ಟಿ ಜಲಾಶಯದ 26 ಗೇಟುಗಳು ತೆರೆದ ದಿನ ರಸ್ತೆಯಲ್ಲಿ ಜನಜಾತ್ರೆ. ನೀರಿನ ತುಂತುರು ಮುಖಕ್ಕೆ ಹೊಡೆಯುತ್ತದೆ. ಉತ್ತರೆ, ಹಸ್ತದ ಮಳೆಗೆ ಡೋಣಿ ನದಿ ಉಕ್ಕಿ ತಾಳಿಕೋಟೆ ಕಡೆಯ ತಗ್ಗು ಸೇತುವೆಗಳನ್ನು ಮುಳುಗಿಸುತ್ತದೆ. ಡೋಣಿ ತುಂಬಿದರೆ ಓಣಿ ತುಂಬ ಜೋಳ ಎಂದು ರೈತರು ಹಿಗ್ಗುವ ಸಮಯವದು. ಸವಾರರು ಮಾತ್ರ ಮೊಣಕಾಲುದ್ದದ ನೀರನ್ನೂ ನಂಬದೆ ಹಿಂದಿರುಗಬೇಕು. ನೀರಿನಡಿ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ.

ಚಿತ್ತೆ, ಸ್ವಾತಿ ಮುಗಿದ ಮೇಲೆ ಮಾಗಿಯವರೆಗೆ ಸವಾರರ ಸುಗ್ಗಿ. ಗಾಳಿ ದಿಕ್ಕು ಬದಲಿಸಿ ಮೂಡಣದಿಂದ ಬೀಸುತ್ತಿರುತ್ತದೆ, ಮೆತ್ತಗಾಗಿರುತ್ತದೆ. ಬಿಳಿಜೋಳ ಎದೆಮಟ್ಟ ಬೆಳೆದಿರುತ್ತದೆ. ಆಲಮಟ್ಟಿಯ ಹಿನ್ನೀರಿಗೆ ರಾಜಹಂಸಗಳೂ, ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಇಳಿದಿರುತ್ತವೆ. ಅವೂ ಆ ದೂರವನ್ನು ಸಾಲು ಕಟ್ಟಿಯೇ ಹಾರುತ್ತವೆ.

ಬುತ್ತಿ, ನೀರು, ದಾರಿಯ ಮಂದಿ

ದೂರದ ಸವಾರಿಯಲ್ಲಿ ಹಸಿವಾದ ಮೇಲೆ ತಿಂದರೆ ತಡ, ಬಾಯಾರಿದ ಮೇಲೆ ಕುಡಿದರೆ ತಡ. ಪೇಟೆಯ ಅಂಗಡಿಗಳಲ್ಲಿ ಅದಕ್ಕೆಂದೇ ಪುಡಿ, ಜೆಲ್ ಸಿಗುತ್ತವೆ. ನಮ್ಮ ಸೀಮೆಗೆ ನಮ್ಮ ಬುತ್ತಿಯೇ ಸಾಕು. ಕಟಿರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಬೆಲ್ಲ. ಇವು ಕೆಡುವುದಿಲ್ಲ, ಜಜ್ಜಿಹೋಗುವುದಿಲ್ಲ, ಜೇಬಿನಿಂದ ತೆಗೆದು ಒಂದೇ ಕೈಯಲ್ಲಿ ತಿನ್ನಲು ಬರುತ್ತವೆ. ನೀರಿನ ಬಾಟಲಿಗೆ ಉಪ್ಪು, ಸಕ್ಕರೆ, ಇಂಡಿಯ ಲಿಂಬೆ. ಬೆವರಿನಲ್ಲಿ ಹೋದ ಉಪ್ಪು ತುಂಬಿಕೊಳ್ಳದೆ ಬರೀ ನೀರು ಕುಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ದಾರಿಯಲ್ಲಿ ಮಜ್ಜಿಗೆ ಸಿಕ್ಕರೆ ಬಿಡಬಾರದು. ಮಿರ್ಚಿ ಭಜಿಯ ಪರಿಮಳಕ್ಕೆ ಮಾತ್ರ ಮನೆ ಹತ್ತಿರ ಬಂದ ಮೇಲೆ ಮಣಿಯುವುದು ಲೇಸು.

ದಾರಿಯ ಮಂದಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಯುಗಾದಿಗೆ ಮುಂಚೆ ಈ ಜಿಲ್ಲೆಗಳಿಂದ ಸಾವಿರಾರು ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಬಿಸಿಲಲ್ಲಿ ನಡೆಯುವವರಿಗೆ ದಾರಿಯುದ್ದಕ್ಕೂ ಹಳ್ಳಿಗಳವರು ಶಾಮಿಯಾನ ಹಾಕಿ ನೀರು, ಅಂಬಲಿ, ಊಟ ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಗೂ ಐಕ್ಯವಾದ ಕೂಡಲಸಂಗಮಕ್ಕೂ ನಡುವಿನ ನೆಲ ಇದು; ದಾಸೋಹ ಇಲ್ಲಿ ಪುಸ್ತಕದ ಮಾತಾಗಿ ಉಳಿದಿಲ್ಲ. ದೂರದಿಂದ ಬಂದವರನ್ನು ನಿಲ್ಲಿಸಿ ವಿಚಾರಿಸುವ ಆ ರೂಢಿಯ ಪಾಲು ಸೈಕಲ್ ಸವಾರರಿಗೂ ಸಿಗುತ್ತದೆ. "ಎಲ್ಲಿಂದ ಬಂದ್ರಿ? ಸೈಕಲ್ ಮ್ಯಾಲ? ಇಳೀರಿ, ಚಾ ಕುಡದ ಹೋಗ್ರಿ." ಮಳೆಗೆ ಸಿಕ್ಕಿ ಯಲಗೂರಿನ ಹಣಮಪ್ಪನ ಗುಡಿಯ ಕಟ್ಟೆ ಹತ್ತಿದವರಿಗೆ ಅಲ್ಲಿದ್ದ ಭಕ್ತರು ತಮ್ಮ ಟವೆಲ್ಲು ಕೊಟ್ಟು ತಲೆ ಒರೆಸಿಕೊಳ್ಳಲು ಹೇಳಿದ್ದನ್ನು ನಾನು ಕಂಡಿದ್ದೇನೆ. ಪಂಚರ್ ಅಂಗಡಿಯವನು ಪಂಪು ಕೊಟ್ಟು ದುಡ್ಡು ಮುಟ್ಟದ್ದನ್ನೂ ಕಂಡಿದ್ದೇನೆ.

ರೋಮಿನಿಂದ ಹುಬ್ಬಳ್ಳಿವರೆಗೆ

ಹೀಗೆ ಸಂತೋಷಕ್ಕೆ ದೂರ ಹೋಗುವ ರೂಢಿಗೆ ಜಗತ್ತಿನಲ್ಲಿ ನೂರಿಪ್ಪತ್ತೈದು ವರ್ಷಗಳ ಚರಿತ್ರೆ ಇದೆ. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮಿನಿಂದ ನೇಪಲ್ಸಿಗೆ 230 ಕಿ.ಮೀ. ದೂರವನ್ನು ಹಗಲಿನ ಬೆಳಕಿರುವಾಗಲೇ ಮುಟ್ಟಲು ಹೊರಟರು. ಅಂಥವರಿಗೆ ಆಡಾಕ್ಸ್ ಎಂಬ ಹೆಸರು ಬಂತು. 1904ರಲ್ಲಿ ಅದು ಫ್ರಾನ್ಸಿಗೆ ಹೋಯಿತು. ಅಲ್ಲಿನ ಮೊದಲ ಪದ್ಧತಿಯಲ್ಲಿ ಗುಂಪಿಗೊಬ್ಬ ನಾಯಕ, ಎಲ್ಲರಿಗೂ ಒಂದೇ ವೇಗ, ಎಲ್ಲರೂ ಕೂಡಿ ಹೋಗಿ ಕೂಡಿ ಮುಟ್ಟಬೇಕು. ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಹೋಗಬಹುದಾದ ಬ್ರೆವೆ ಪದ್ಧತಿ 1921ರಲ್ಲಿ ಬಂತು. ಇವತ್ತು ಆಡಾಕ್ಸ್ ಇಂಡಿಯಾ ಮೂಲಕ ನಮ್ಮ ದೇಶದಲ್ಲಿ ನಡೆಯುವುದು ಈ ಎರಡನೆಯದೇ: 200 ಕಿ.ಮೀ.ಗೆ ಹದಿಮೂರೂವರೆ ತಾಸು, 300ಕ್ಕೆ 20, 400ಕ್ಕೆ 27, 600ಕ್ಕೆ 40. ಒಂದೇ ಹಂಗಾಮಿನಲ್ಲಿ ನಾಲ್ಕನ್ನೂ ಮುಗಿಸಿದವರು ಸೂಪರ್ ರಾಂಡೊನರ್. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಇಂಥ ಬ್ರೆವೆಗಳು ನಡೆಯುತ್ತವೆ.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಎಂದರೆ ಇಲ್ಲಿ ಮೊದಲ ಸ್ಥಾನ, ಕೊನೆಯ ಸ್ಥಾನ ಎಂಬುದಿಲ್ಲ. ಸಮಯದೊಳಗೆ ಮುಟ್ಟಿದವರೆಲ್ಲ ಸಮಾನರು. ಹಿಂದೆ ಕಾರಿನಲ್ಲಿ ಸಹಾಯಕರನ್ನು ಕರೆದುಕೊಂಡು ಹೋಗುವಂತಿಲ್ಲ. ಸವಾರರು ಒಬ್ಬರಿಗೊಬ್ಬರು ನೆರವಾಗಬಹುದು. ಪ್ಯಾರಿಸ್‌ನಿಂದ ಬ್ರೆಸ್ಟಿಗೆ ಹೋಗಿ ಬರುವ 1,200 ಕಿ.ಮೀ. ಸವಾರಿ 1891ರಲ್ಲಿ ರೇಸಾಗಿ ಹುಟ್ಟಿ, ಈಗ ನಾಲ್ಕು ವರ್ಷಕ್ಕೊಮ್ಮೆ 90 ತಾಸಿನ ಮಿತಿಯ ಹಬ್ಬವಾಗಿದೆ. ಅದರ 2007ರ ಆವೃತ್ತಿಯಲ್ಲಿ ಮಳೆ, ಗಾಳಿಗೆ ಸಿಕ್ಕಿ ಬಹಳಷ್ಟು ಜನ ಅರ್ಧಕ್ಕೇ ಕೈಬಿಟ್ಟಿದ್ದರು. ಜಗತ್ತಿನ ಗಟ್ಟಿ ಸವಾರರನ್ನೂ ನಿಲ್ಲಿಸುವುದು ಹವಾಮಾನವೇ.

ನಮ್ಮವರದ್ದೇ ಉದಾಹರಣೆ ಬೇಕೆಂದರೆ 1923ರ ಅಕ್ಟೋಬರಿಗೆ ಹೋಗಬೇಕು. ಮುಂಬೈನ ಆರು ಪಾರ್ಸಿ ಯುವಕರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಮೂವರು 1928ರ ಮಾರ್ಚಿನಲ್ಲಿ ಸುಮಾರು 71,000 ಕಿ.ಮೀ. ಮುಗಿಸಿ ಊರಿಗೆ ಬಂದರು. ಮರುಭೂಮಿ, ಹಿಮ, ಕಾಡು ಎಲ್ಲವನ್ನೂ ಗೇರಿಲ್ಲದ ಸೈಕಲ್ಲಿನಲ್ಲಿ ದಾಟಿದರು. ನಾಲ್ಕೂವರೆ ವರ್ಷ ಆ ಮೂವರು ಒಬ್ಬರ ಮುಖ ಒಬ್ಬರು ನೋಡುತ್ತ, ಸಿಟ್ಟು, ಜ್ವರ, ಹಸಿವು ಹಂಚಿಕೊಂಡು ಕೂಡಿಯೇ ಉಳಿದರಲ್ಲ, ಕಿಲೋಮೀಟರಿನ ಲೆಕ್ಕಕ್ಕಿಂತ ಅದನ್ನೇ ನಾನು ದೊಡ್ಡ ಸಾಧನೆ ಎನ್ನುತ್ತೇನೆ.

ರಸ್ತೆ ಯಾರದ್ದು?

ಹವಾಮಾನವನ್ನು ನಾವು ಬದಲಿಸಲಾರೆವು, ರಸ್ತೆಯನ್ನು ಬದಲಿಸಬಹುದು. ಕಬ್ಬು ನುರಿಸುವ ಹಂಗಾಮಿನಲ್ಲಿ, ಸವಾರಿಗೆ ಹೇಳಿ ಮಾಡಿಸಿದ ಆ ಚಳಿಗಾಲದಲ್ಲಿಯೇ, ಜೋಡಿ ಟ್ರೇಲರ್ ಎಳೆದ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವಿಲ್ಲದೆ, ಹೊಳೆಯುವ ಪಟ್ಟಿಯಿಲ್ಲದೆ ಬೆಳಗಿನ ಕತ್ತಲಲ್ಲಿ ನಿಂತಿರುತ್ತವೆ. ಸೈಕಲ್ಲಿಗೆ, ಬೈಕಿಗೆ ಅದಕ್ಕಿಂತ ದೊಡ್ಡ ಕಂಟಕವಿಲ್ಲ. ಪ್ರತಿ ಟ್ರೇಲರಿಗೂ ನಾಲ್ಕು ಗೇಣು ರೇಡಿಯಂ ಪಟ್ಟಿ ಅಂಟಿಸುವುದು ಕಾರ್ಖಾನೆಯ ಗೇಟಿನಲ್ಲೇ ಆಗಬಹುದಾದ ಕೆಲಸ. ತಾಲ್ಲೂಕುಗಳನ್ನು ಕೂಡಿಸುವ ರಸ್ತೆಗಳಿಗೆ ಡಾಂಬರಿನ ಅಂಚಿನಾಚೆ ಮೂರು ಅಡಿ ಗಟ್ಟಿ ನೆಲ ಬೇಕು. ಈಗ ಲಾರಿಗೆ ದಾರಿ ಬಿಟ್ಟವನು ಎರೆಯ ತಗ್ಗಿಗೇ ಇಳಿಯಬೇಕಾಗಿದೆ. ರಸ್ತೆ ಅಗಲ ಮಾಡುವಾಗ ಕಡಿದ ಬೇವು, ಹುಣಸೆಗಳ ಜಾಗದಲ್ಲಿ ಮತ್ತೆ ಮರ ಬೇಕು. ಅವು ಗಾಳಿ ತಡೆಯುತ್ತವೆ, ನೆರಳು ಕೊಡುತ್ತವೆ. ಇದರ ಫಲ ಹವ್ಯಾಸಿಗಳಿಗಷ್ಟೇ ಅಲ್ಲ. ಶಾಲೆಗೆ ಹೋಗುವ ಹುಡುಗಿ, ಹೊಲಕ್ಕೆ ಹೋಗುವ ಆಳು, ಹಾಲು ಹಾಕಲು ಬರುವ ಮುದುಕ ಎಲ್ಲರೂ ಇದೇ ಅಂಚಿನಲ್ಲಿ ತುಳಿಯುವವರು. ಅಂತರರಾಷ್ಟ್ರೀಯ ಸವಾರರನ್ನು ಕೊಟ್ಟ ಜಿಲ್ಲೆ ಮಾಮೂಲಿ ಸವಾರರಿಗೂ ಸುರಕ್ಷಿತವಾಗಿರಬೇಕು.

ನಮ್ಮ ಕಡೆಯಿಂದಲೂ ಮಾಡಬೇಕಾದದ್ದು ಇದೆ. ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಒಂದು ಟೂಬು, ಪಂಪು, ಪಂಚರ್ ಸಾಮಾನು, ಮೊಬೈಲಿಗೊಂದು ಪ್ಲಾಸ್ಟಿಕ್ ಚೀಲ. ಎಲ್ಲಕ್ಕಿಂತ ಮುಖ್ಯವಾಗಿ ಹೊರಡುವ ಮುಂಚೆ ಒಂದು ಮಾತು: ಹಿಂದೆ ಬಿದ್ದವರನ್ನು ಬಿಟ್ಟು ಹೋಗುವುದಿಲ್ಲ. ಗುಂಪಿನ ವೇಗ ಎಂದರೆ ಅತಿ ನಿಧಾನ ತುಳಿಯುವವನ ವೇಗ. ಇದನ್ನು ಒಪ್ಪದವರಿಗೆ ರೇಸುಗಳಿವೆ, ಅಲ್ಲಿ ಅವರು ಗೆಲ್ಲಲಿ.

ಹೊಸಬರು ನೂರರ ಆಸೆಯಿಂದ ಶುರು ಮಾಡಬೇಕಿಲ್ಲ. ಹಿಂಗಾರು ಬಿತ್ತನೆ ಮುಗಿದ ಒಂದು ಭಾನುವಾರ ಮೂರು ಜನ ಗೆಳೆಯರಿಗೆ ಹೇಳಿ, ಮನೆಯಲ್ಲಿರುವ ಸೈಕಲ್ಲಿಗೆ ಗಾಳಿ ಹೊಡೆಸಿ, ಬಸವನ ಬಾಗೇವಾಡಿಯಿಂದ ಆಲಮಟ್ಟಿವರೆಗೆ ಬನ್ನಿ. ಮೊದಲ ದಿನ ಒಂದು ಕಡೆಯ ದಾರಿ ಸಾಕು, ಹಿಂದಕ್ಕೆ ಬಸ್ಸೋ ಟಂಟಂ ಗಾಡಿಯೋ ಸಿಗುತ್ತದೆ. ಮುಂದಿನ ವಾರ ಹೋಗಿ ಬನ್ನಿ. ಗಾಳಿ ಎದುರಾದರೆ ಸಾಲು ಕಟ್ಟಿ, ಸರದಿ ತಪ್ಪಿಸಬೇಡಿ. ಮಳೆ ಬಂದರೆ ನಿಲ್ಲಿ. ಎಷ್ಟು ಹೊತ್ತಿಗೆ ಮುಟ್ಟಿದಿರಿ ಎಂದು ಯಾರಾದರೂ ಕೇಳಿದರೆ, ಎಲ್ಲರೂ ಮುಟ್ಟಿದೆವು ಎಂದು ಹೇಳಿ. ದೂರದ ಸವಾರಿಯ ಲೆಕ್ಕ ಅಷ್ಟೇ.